ಕರಡಿ ಎಲಚಿ ಹಣ್ಣು ತರೋಕೆ ಹೋಗಿದ್ದು

ಕುರುಚಲು ಕಾಡಿನ ಬಂಡೆ ಸಂದಿಯಲ್ಲಿ ಜಡೆಯ ಅನ್ನೋ ಕರಡಿ ಇದ್ದ. ಒಳ್ಳೆಯವನೇ ಮಕ್ಕಳೇ, ಆದರೆ ಯಾರ ಮಾತನ್ನೂ ಪೂರ್ತಿ ಕೇಳ್ತಿರಲಿಲ್ಲ. ಅರ್ಧ ಕೇಳಿ, "ಗೊತ್ತಾಯ್ತು ಬಿಡಿ" ಅಂತ ಹೊರಟುಬಿಡ್ತಿದ್ದ.

ಅವನ ಹೆಂಡತಿ ಚೆನ್ನಿ ಬಸುರಿ. ಒಂದು ಬೆಳಗ್ಗೆ ಅವಳು, "ರೀ, ನಂಗೆ ಎಲಚಿ ಹಣ್ಣು ಬೇಕು. ಜೇನೂ ಬೇಡ, ಗೆದ್ದಲೂ ಬೇಡ" ಅಂದಳು.

ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟೋ ಮರಿಯ ಕಿವಿ ಸೋರುತ್ತೆ ಅಂತ ಆ ಕಾಡಿನಲ್ಲೂ ನಂಬಿಕೆ. ಜಡೆಯನಿಗೆ ಗಾಬರಿಯಾಯ್ತು. ಎಲಚಿ ಮರ ಹೇಗಿರುತ್ತೆ ಅಂತಲೇ ಅವನಿಗೆ ಗೊತ್ತಿಲ್ಲ! ಸೀದಾ ಮುಳ್ಳುಹಂದಿ ಸೂಜಕ್ಕನ ಬಿಲದ ಮುಂದೆ ಹೋಗಿ ನಿಂತ.

"ಎಲಚಿನಾ? ಗುರುತು ಹೇಳ್ತೀನಿ, ಕೂತ್ಕೋ."

"ನಿಂತೇ ಕೇಳ್ತೀನಿ ಅಕ್ಕ, ಬೇಗ ಹೇಳು."

"ಎಲೆ ಮೇಲೆ ಹಸಿರು. ತಿರುಗಿಸಿದರೆ ಬೂದಿ ಬಳಿದ ಹಾಗೆ ಬೆಳ್ಳಗಿರುತ್ತೆ. ಮುಳ್ಳು ಜೋಡಿ ಜೋಡಿ. ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆ ಹಾಗೆ. ಎರಡೂ ನೆಟ್ಟಗಿದ್ದರೆ ಮಾತ್ರ ಆ ಹಣ್ಣು ಕಿತ್ತು ಬಾಯಿಗೆ ಹಾಕ್ಕೊ..."

"ಗೊತ್ತಾಯ್ತು ಬಿಡು!" ಜಡೆಯ ಓಡಿದ.

"...ಳ್ಳಬೇಡ. ಅದು ಮಂಗಾರೆ, ವಾಂತಿಯಾಗುತ್ತೆ" ಅಂತ ಸೂಜಕ್ಕ ಖಾಲಿ ದಾರಿಗೆ ಹೇಳಿ ಮುಗಿಸಿದಳು. ಶುರು ಮಾಡಿದ ಮಾತನ್ನ ಅರ್ಧಕ್ಕೆ ಬಿಡೋಳಲ್ಲ ಅವಳು.

ಹಳ್ಳದ ಪಕ್ಕ ಒಂದು ಮರ. ಗುಂಡಗೆ ಹಳದಿ ಹಣ್ಣು, ಜೋಡಿ ಮುಳ್ಳು, ಎರಡೂ ನೆಟ್ಟಗೆ. ಎಲೆ ತಿರುಗಿಸಿ ನೋಡೋ ಗೋಜಿಗೆ ಜಡೆಯ ಹೋಗಲಿಲ್ಲ. "ಅಕ್ಕನೇ ಬಾಯಿಗೆ ಹಾಕ್ಕೊ ಅಂದಿದ್ದಾಳೆ" ಅಂತ ಒಂದು ಹಿಡಿ ತಿಂದ. ಕಹಿ. "ಚೆನ್ನಿ ಇದಕ್ಕಾ ಆಸೆಪಟ್ಟಿದ್ದು?" ಅಂತ ಇನ್ನೊಂದು ಹಿಡಿ ತಿಂದ.

ಆಮೇಲೆ ಹೊಟ್ಟೆ ತೊಳಸಿತು. ನಿನ್ನೆ ತಿಂದ ಜೇನೂ ಹೊರಗೆ ಬಂತು.

ಬರಿಗೈಲಿ ತೆವಳಿಕೊಂಡು ಮನೆಗೆ ಬಂದ. ಚೆನ್ನಿ ಅವನನ್ನ ಮೇಲಿಂದ ಕೆಳಗೆ ನೋಡಿ, "ಬಸುರಿ ನಾನಾ, ನೀವಾ? ವಾಂತಿ ಮಾಡ್ತಿರೋದು ನೀವು!" ಅಂದಳು.

ಅವಳೇ ಸೂಜಕ್ಕನ ಹತ್ತಿರ ಹೋದಳು. ಕೂತು ಕೇಳಿದಳು. ಎಲೆ ತಿರುಗಿಸಿ, ಕೊಕ್ಕೆಮುಳ್ಳು ನೋಡಿ, ಎಲಚಿ ಮರ ಹುಡುಕಿ ಹಣ್ಣು ಕಿತ್ತು ಮನೆಗೆ ತಂದಳು. ಮರಿಯ ಕಿವಿಗೆ ಇನ್ನು ಭಯವಿಲ್ಲ ಅನ್ನೋವಷ್ಟು ತಿಂದಳು. ಹೊಟ್ಟೆ ಖಾಲಿಯಾಗಿದ್ದ ಜಡೆಯ ಪಕ್ಕದಲ್ಲೇ ಕೂತು ನೋಡ್ತಿದ್ದ.

"ನಿಮಗೂ ಎರಡು ಹಣ್ಣು ಕೊಡ್ತೀನಿ..." ಅಂದಳು ಚೆನ್ನಿ.

ಜಡೆಯ "ಆ" ಅಂತ ಬಾಯಿ ತೆಗೆದ.

"...ಅಂತ ಕಾಯ್ತಾ ಕೂರಬೇಡಿ."

ನೀತಿ: ಹೇಳೋರ ಮಾತು ಮುಗಿಯೋವರೆಗೂ ಕೂತು ಕೇಳಬೇಕು, "ಬೇಡ" ಅನ್ನೋದು ಕೊನೆಗೇ ಬರುತ್ತೆ.