ತವರಿಗೆ ಹೊರಟ ಶೇವಟೆ

ಭೂಮಿಯ ಮೈ ಇನ್ನೂ ಒಣಗಿರಲಿಲ್ಲ. ದೇವರು ಬೆಟ್ಟಗಳನ್ನು ಮಾಡಿಟ್ಟು ಕೈ ತೊಳೆದ ನೀರೇ ಹೊಳೆಗಳಾಗಿ ಇಳಿದು ಬರುತ್ತಿದ್ದ ಕಾಲ ಅದು. ಆಗ ಗಾಳಿಗೂ ಮಾತಿತ್ತು, ಏಡಿಗೂ ಮಾತಿತ್ತು. ಸುಮ್ಮನಿರುವುದನ್ನು ಇನ್ನೂ ಯಾರೂ ಕಲಿತಿರಲಿಲ್ಲ.

ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ ಕುಸಲಿ ಎಂಬ ಹೆಂಗಸು ತನ್ನ ಗಂಡ ಬೀರನ ಜೊತೆ ಗಜನಿ ಗದ್ದೆ ಮಾಡಿಕೊಂಡಿದ್ದಳು. ಗಜನಿ ಅಂದರೆ ಹೊಳೆಯಂಚಿನ ತಗ್ಗು ನೆಲ. ಸುತ್ತಲೂ ಮಣ್ಣಿನ ಕಟ್ಟೆ, ಕಟ್ಟೆಯ ನಡುವೆ ಹಲಗೆಯ ಬಾಗಿಲು. ಆ ಬಾಗಿಲಿಗೆ ಜಂತ್ರಡಿ ಎಂದು ಹೆಸರು. ಮಳೆಗಾಲದಲ್ಲಿ ಹಲಗೆ ಇಳಿಸಿ ಕಗ್ಗ ಭತ್ತ ಬೆಳೆಯಬೇಕು. ಕೊಯ್ಲು ಮುಗಿದ ಮೇಲೆ ಹಲಗೆ ಎತ್ತಿ ಹೊಳೆಯನ್ನು ಒಳಗೆ ಕರೆಯಬೇಕು.

ಕಗ್ಗವನ್ನು ಬುಡದಿಂದ ಕೊಯ್ಯುವುದಿಲ್ಲ. ನೀರಿನ ಮೇಲೆ ಕಾಣುವ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಲ್ಲೇ ಬಿಡುವುದು ವಾಡಿಕೆ. ಹಾಗೆ ಬಿಟ್ಟ ಹುಲ್ಲು ವರ್ಷವರ್ಷವೂ ಕೊಳೆಯಿತು. ಕೆಸರು ಕಪ್ಪಾಯಿತು. ಗುಳುಗುಳು ಗುಳ್ಳೆ ಎದ್ದು ನಾರತೊಡಗಿತು. ಒಂದು ಮಳೆಗಾಲ ಬಿತ್ತಿದ ಬೀಜ ಒಂದೂ ತಲೆ ಎತ್ತಲಿಲ್ಲ. ಆ ವರ್ಷ ಕುಸಲಿಯ ಮಗಳು ಅನ್ನ ಕೇಳಿದಾಗೆಲ್ಲ ಗೆಣಸು ಬೇಯಿಸಿ ಕೊಟ್ಟದ್ದಾಯಿತು.

ಕುಸಲಿ ಜಂತ್ರಡಿಯ ಹಲಗೆ ಎತ್ತಿ, ಕಟ್ಟೆಯ ಮೇಲೆ ನಿಂತು ಕೈ ಮುಗಿದಳು. "ಹೊಳೆಯಲ್ಲಿರುವ ಪುಣ್ಯಾತ್ಮರೇ, ಯಾರಾದರೂ ಬಂದು ಈ ಕೆಸರು ಹಸನು ಮಾಡಿಕೊಡಿ."

ಸಿಗಡಿ ಬಂದು ಇಣುಕಿತು. "ಇಶ್ಶೀ! ನನ್ನ ಮೀಸೆ ಕೊಳೆ ಆಗ್ತದೆ" ಎಂದು ಹಿಂದಕ್ಕೆ ಹಾರಿತು.

ಕಾಣೆ ಮೀನು ಬಂದು ಇಣುಕಿತು. "ನಾ ಮರಳಲ್ಲಿ ಮಲಗುವವಳು ಮಾರಾಯ್ತಿ. ಈ ನಾತದಲ್ಲಿ ಬಾಳುವೆ ಮಾಡಲಾ?" ಎಂದು ತಿರುಗಿ ಹೋಯಿತು.

ಏಡಿ ಇಣುಕಲಿಲ್ಲ. ಅದು ಮೊದಲೇ ಕಟ್ಟೆಯ ಬಿಲದಲ್ಲಿ ಕೂತಿತ್ತು. "ಕುಸಲಕ್ಕಾ, ನೀನೇ ಇಳಿದು ತಿನ್ನು. ಗೆಣಸು ತಿಂದು ಬೇಜಾರು ಬಂದಿರಬೇಕಲ್ಲ" ಎಂದು ಇಕ್ಕಳದಂಥ ಕೊಂಬು ಕಟಕಟಿಸಿ ನಕ್ಕಿತು.

ಆಮೇಲೆ ಬೂದುಬೆನ್ನಿನ, ಬಿಳಿಹೊಟ್ಟೆಯ ಒಂದು ಮೀನು ಬಂತು. ಅದು ಶೇವಟೆ. ಆಗ ಅದರ ತಲೆ ಉಳಿದ ಮೀನುಗಳ ತಲೆಯಂತೆ ಚೂಪಾಗಿತ್ತು. ಕೆಸರಿಗೆ ಬಾಯಿಟ್ಟು ಒಂದು ತುತ್ತು ತೆಗೆದುಕೊಂಡಿತು.

"ಅಕ್ಕಾ, ನಾತ ಇದೆ, ಸುಳ್ಳಲ್ಲ. ಆದರೆ ಇದರಲ್ಲಿ ಅನ್ನವೂ ಇದೆ. ನಿನ್ನ ಹುಲ್ಲಿನ ಸಾರವೆಲ್ಲ ಇಲ್ಲೇ ಉಳಿದಿದೆ. ನಮ್ಮ ಬಳಗ ಬಂದರೆ ಜಾಗ ಕೊಡ್ತೀಯಾ?"

"ಕೊಡ್ತೇನೆ ತಾಯಿ. ಬನ್ನಿ" ಅಂದಳು ಕುಸಲಿ. ಅವಳ ಕಣ್ಣಲ್ಲಿ ನೀರು ನಿಂತಿತು.

ಶೇವಟೆಯ ಬಳಗ ಬಂತು. ಬಾಯಿಟ್ಟು ಕೆಸರು ಸೋಸಿತು. ಬೇಕಾದ್ದನ್ನು ನುಂಗಿತು, ಬೇಡದ ಮರಳನ್ನು ಉಗುಳಿತು. ದಿನಾ ಸೋಸಿತು, ದಿನಾ ಉಗುಳಿತು. ಮಳೆಗಾಲಕ್ಕೆ ಮುಂಚೆ ಗದ್ದೆಯ ನಾತ ಹೋಗಿತ್ತು. ಬೀರ ಗದ್ದೆಯ ಮೂಲೆಯಲ್ಲಿ ಆಳದ ಹೊಂಡ ತೋಡಿಕೊಟ್ಟ. ಮೇಲೆ ಕಗ್ಗ ಬೆಳೆಯಿತು, ಹೊಂಡದಲ್ಲಿ ಶೇವಟೆಗಳು ಬೆಳೆದವು.

ಆ ವರ್ಷದ ಪೈರು ಕುಸಲಿಯ ಎದೆಮಟ್ಟ ಬಂತು. ಹೊಸ ಅಕ್ಕಿಯ ಊಟದ ದಿನ ಅವಳು ಮೊದಲ ಎಡೆಯನ್ನು ದೇವರಿಗಿಟ್ಟಳು, ಎರಡನೆಯದನ್ನು ಬಾಳೆಲೆಯಲ್ಲಿ ತಂದು ಹೊಂಡಕ್ಕೆ ಬಿಟ್ಟಳು. ಆಮೇಲೆ ಮಗಳಿಗೆ ಬಡಿಸಿದಳು. ಮಗಳು ಮೂರು ಸಲ ಅನ್ನ ಹಾಕಿಸಿಕೊಂಡಳು.

ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಆದರೆ ಕುಸಲಿಗೆ ಒಂದು ಹೆದರಿಕೆ ಹುಟ್ಟಿತು. ಇಷ್ಟು ಉಪಕಾರ ಮಾಡಿದವರು ಹೊರಟುಹೋದರೆ? ಮತ್ತೆ ಕೆಸರು ಕಪ್ಪಾದರೆ? ಮಗಳ ಕೈಗೆ ಮತ್ತೆ ಗೆಣಸು ಬಂದರೆ?

ಅವಳು ಜಂತ್ರಡಿಯ ಹಲಗೆಗೆ ಅರಿಶಿನ ಕುಂಕುಮ ಹಚ್ಚಿದಳು, ಹೂ ಏರಿಸಿದಳು. ನಾರಿನ ಹಗ್ಗದಿಂದ ಬಿಗಿದು ಮೂರು ಗಂಟು ಹಾಕಿದಳು. "ಈ ಲಕ್ಷ್ಮಿ ನನ್ನ ಮನೆ ಬಿಟ್ಟು ಹೋಗಬಾರದು. ಈ ಹಲಗೆ ಎತ್ತುವುದಿಲ್ಲ" ಎಂದು ಹರಕೆ ಹೊತ್ತಳು.

"ಎಂತದೇ ಇದು? ಕೊಯ್ಲಾಯ್ತು, ಹಲಗೆ ಎತ್ತೂದಲ್ದಾ?" ಅಂದ ಬೀರ.

"ಸಂದಿಯಲ್ಲಿ ನೀರು ಬರ್ತದೆ. ಅಷ್ಟು ಸಾಕು."

"ನಿನ್ನ ಪೂಜೆ ಜೋರಾಯ್ತು. ನಾಳೆ ನನಗೂ ಕುಂಕುಮ ಹಚ್ಚಿ ಕಂಬಕ್ಕೆ ಕಟ್ಟಿಬಿಡು, ಓಡಿ ಹೋಗೂದಿಲ್ಲ" ಎಂದು ನಗುತ್ತ ಹೋದ.

ಮರುದಿನ ಹೊಳೆಯ ನೀರು ಸಮುದ್ರಕ್ಕೆ ಇಳಿಯುವ ಇಳಿತದ ಹೊತ್ತಿಗೆ ಜಂತ್ರಡಿಯಲ್ಲಿ ಸದ್ದಾಯಿತು. ದಪ್! ಶೇವಟೆ ತಾಯಿ ನೀರಿನಿಂದ ಹಾರಿ ಹಲಗೆಗೆ ತಲೆ ಬಡಿದಿತ್ತು.

"ಅಕ್ಕಾ, ಬಾಗಿಲು ತೆಗಿ. ಹೊಟ್ಟೆ ತುಂಬ ಮೊಟ್ಟೆ ಇದೆ. ಸಮುದ್ರ ನಮ್ಮ ತವರು. ಹೆರಿಗೆ ಅಲ್ಲೇ ಆಗಬೇಕು."

"ಇಲ್ಲೇ ಹೆರು ತಾಯಿ. ಅಕ್ಕಿ ತೌಡು ಹಾಕ್ತೇನೆ. ನಿನಗೇನು ಕಮ್ಮಿ ಮಾಡಿದ್ದೇನೆ?" ಅಂದಳು ಕುಸಲಿ.

ಎರಡನೆಯ ದಿನ ಇಳಿತದ ಹೊತ್ತಿಗೆ ಮತ್ತೆ ದಪ್! ದಪ್! ಈಗ ಒಂದಲ್ಲ, ಹತ್ತು ಶೇವಟೆಗಳು.

"ಅಕ್ಕಾ, ಬಾಗಿಲು ತೆಗಿ. ಈ ನೀರಲ್ಲಿ ಮೊಟ್ಟೆ ಮರಿಯಾಗುವುದಿಲ್ಲ."

"ಹರಕೆ ಹೊತ್ತಿದ್ದೇನೆ ತಾಯಿ" ಎಂದು ಕುಸಲಿ ಸೆರಗಿನಿಂದ ಕಿವಿ ಮುಚ್ಚಿಕೊಂಡಳು.

ಮೂರನೆಯ ದಿನ ಲೆಕ್ಕವಿಲ್ಲದಷ್ಟು ತಲೆಗಳು ಹಲಗೆಗೆ ಬಡಿದವು. ಹಚ್ಚಿದ ಕುಂಕುಮ ಉದುರಿತು. ಕುಸಲಿ ಬಗ್ಗಿ ನೋಡಿದಳು. ಚೂಪಾಗಿದ್ದ ತಲೆ ಬಡಿದು ಬಡಿದು ಚಪ್ಪಟೆಯಾಗಿತ್ತು. ಶೇವಟೆ ತಾಯಿಗೆ ಹಾರಲು ಶಕ್ತಿ ಉಳಿದಿರಲಿಲ್ಲ. ಬರೀ ಬಾಯಿ ತೆರೆದು ಮುಚ್ಚುತ್ತಿತ್ತು.

ಆಗ ಹಲಗೆಯ ಆಚೆಯಿಂದ ಹೊಳೆ ಮಾತಾಡಿತು. "ಮಗಳೇ ಕುಸಲಿ, ನಿನ್ನ ಚೊಚ್ಚಲ ಹೆರಿಗೆ ಎಲ್ಲಾಯಿತು?"

"ತವರಲ್ಲಿ, ಅಮ್ಮಾ."

"ಬೀರ ನಿನ್ನನ್ನು ಹಗ್ಗ ಹಾಕಿ ಕಟ್ಟಿದ್ದನೇ?"

"ಇಲ್ಲ. ದೋಣಿಯಲ್ಲಿ ಕೂರಿಸಿ, ಬುತ್ತಿ ಕಟ್ಟಿ ಕಳಿಸಿದ."

"ನೀನು ತಿರುಗಿ ಬಂದೆಯೋ, ಅಲ್ಲೇ ಉಳಿದೆಯೋ?"

ಕುಸಲಿ ತಾನು ಹಾಕಿದ ಗಂಟು ನೋಡುತ್ತ ಹೇಳಿದಳು, "ಬಂದೆ ಅಮ್ಮಾ. ಆದರೆ ಇವರು ಬರದಿದ್ದರೆ? ನನ್ನ ಮಗಳ ಅನ್ನ ಇವರ ಬಾಯಲ್ಲಿದೆ."

"ಬರ್ತಾರೆ ಅಂತ ನಾನು ಮಾತು ಕೊಡಲಾರೆ" ಅಂದಿತು ಹೊಳೆ. "ಉಪಕಾರ ಮಾಡಿದವರಿಗೆ ಕೈ ಮುಗಿಯಬೇಕು ಮಗಳೇ. ನೀನು ಕಾಲು ಕಟ್ಟಿದ್ದೀಯ."

ಕುಸಲಿ ಕುತ್ತಿಗೆಮಟ್ಟದ ನೀರಿಗೆ ಇಳಿದಳು. "ದೇವರೇ, ಹರಕೆ ಮುರಿಯುತ್ತಿದ್ದೇನೆ. ತಪ್ಪಾದರೆ ನನಗಿರಲಿ, ಗದ್ದೆಗೆ ಬೇಡ" ಎಂದಳು. ನೆನೆದ ಗಂಟು ಬೆರಳಿಗೆ ಬಗ್ಗಲಿಲ್ಲ. ಹಲ್ಲಿನಿಂದ ಬಿಡಿಸಿದಳು. ಒಂದು ಗಂಟು, ಎರಡು ಗಂಟು, ಮೂರು ಗಂಟು. ಓಡಿ ಬಂದ ಬೀರ ಹಲಗೆ ಎತ್ತಿದ. ಶೇವಟೆಗಳು ಅವಳ ಸೊಂಟ ಸವರಿಕೊಂಡು ಇಳಿತದ ಜೊತೆ ಹೋದವು. ಒಂದೂ ಹಿಂದೆ ತಿರುಗಿ ನೋಡಲಿಲ್ಲ.

ಅಂದಿನಿಂದ ಕುಸಲಿ ದಿನಾ ಸಮುದ್ರದ ನೀರು ಏರಿ ಬರುವ ಭರತದ ಹೊತ್ತಿಗೆ ಹಲಗೆ ಎತ್ತಿ ಕಾದಳು. ಹದಿನೈದು ದಿನ ಹೋಯಿತು, ತಿಂಗಳು ಹೋಯಿತು. ಹುಲ್ಲು ಕೊಳೆಯತೊಡಗಿತು. ಮೊದಲ ಗುಳ್ಳೆ ಎದ್ದಿತು.

"ಕುಸಲಕ್ಕಾ, ಗೆಣಸಿನ ಬಳ್ಳಿ ನೆಟ್ಟಿದ್ದೀಯಾ?" ಅಂದಿತು ಏಡಿ.

"ನೆಟ್ಟಿದ್ದೇನೆ. ನಿನಗೂ ಒಂದು ಕೊಡ್ತೇನೆ, ಬಾಯಿ ಮುಚ್ಚಿಕೊಂಡಿರು" ಅಂದಳು ಕುಸಲಿ. ಆದರೂ ಹಲಗೆ ಎತ್ತುವುದನ್ನು ಬಿಡಲಿಲ್ಲ. ಹೋದವರು ಸುಖವಾಗಿ ಹೆರಲಿ ಎಂದು ದಿನಾ ದೀಪ ಹಚ್ಚುವಾಗ ಬೇಡಿಕೊಂಡಳು. ಬರಲಿ ಎಂದು ಬೇಡಲಿಲ್ಲ.

ಎರಡನೆಯ ತಿಂಗಳ ಒಂದು ಬೆಳಿಗ್ಗೆ ಗಾಳಿ ಓಡಿ ಬಂತು. "ಏಳೇ ಕುಸಲಿ! ಹೊಳೆಬಾಯಲ್ಲಿ ನೀರು ಮಿಣಮಿಣ ಅಂತಿದೆ!"

ಕುಸಲಿ ಓಡಿದಳು. ಭರತದ ನೀರಿನೊಂದಿಗೆ ಅಕ್ಕಿಕಾಳಿನಷ್ಟು ಅಕ್ಕಿಕಾಳಿನಷ್ಟು ಮರಿಗಳು ತೆರೆದ ಬಾಗಿಲಿನಿಂದ ಒಳಗೆ ಹರಿದು ಬರುತ್ತಿದ್ದವು. ಹುಟ್ಟುವಾಗಲೇ ಅವುಗಳ ತಲೆ ಚಪ್ಪಟೆ. ಯಾರೂ ಹೇಳಿಕೊಡಲಿಲ್ಲ, ಯಾರೂ ದಾರಿ ತೋರಿಸಲಿಲ್ಲ. ಬಂದವೇ ಕೆಸರಿಗೆ ಬಾಯಿಟ್ಟವು.

ಆಚೆ ಹೊಳೆಯ ನಡುವೆ ಶೇವಟೆ ತಾಯಿ ಹಾರಿತು. "ಅಕ್ಕಾ! ಮಕ್ಕಳನ್ನು ಕಳಿಸಿದ್ದೇನೆ. ಸಾಕಿಕೋ. ಬೆಳೆದ ಮೇಲೆ ನಿನ್ನ ಮನೆಗೂ ಒಂದು ಪಾಲು ಇಟ್ಟುಕೋ. ಆದರೆ ಮೊಟ್ಟೆ ಹೊತ್ತವರಿಗೆ ಬಾಗಿಲು ತೆಗಿ."

"ತೆಗೀತೇನೆ ತಾಯಿ, ತೆಗೀತೇನೆ!" ಕುಸಲಿ ಕೆಸರಲ್ಲೇ ಅಡ್ಡಬಿದ್ದಳು.

ಆ ವರ್ಷ ಗದ್ದೆ ಮತ್ತೆ ಹಸನಾಯಿತು. ಬೇಕಾದ್ದಕ್ಕಿಂತ ಹೆಚ್ಚು ಮರಿ ಬಂದಿದ್ದರಿಂದ ಕುಸಲಿ ಹಳೇ ಸೀರೆಯಲ್ಲಿ ಅವನ್ನು ನವಿರಾಗಿ ಎತ್ತಿ, ಹೊಳೆನೀರಿನ ಕೊಡಕ್ಕೆ ಬಿಟ್ಟು, ತಲೆಯ ಮೇಲೆ ಹೊತ್ತು ನೆರೆಮನೆಯವರ ಹೊಂಡಗಳಿಗೂ ಹಂಚಿದಳು. ಎಲ್ಲಿ ಕೊಟ್ಟರೂ ಒಂದೇ ಮಾತು ಹೇಳಿದಳು: "ಸಾಕಿ. ಕಟ್ಟಬೇಡಿ."

ಹಾಗೆ ಶುರುವಾದದ್ದು ಶೇವಟೆ ಸಾಕಣೆ. ಈಗ ಆ ಕಡೆ ಹೊಸ ಹೊಸ ಕೆರೆ ತೋಡಿಸಿ ಶೇವಟೆ ಬೆಳೆಸುವವರೂ ಮರಿಯನ್ನು ಹೊಳೆಬಾಯಿಂದಲೇ ತಂದು ಬಿಡುತ್ತಾರೆ, ಮತ್ತು ನೀನು ಕಟ್ಟೆಯ ಮೇಲೆ ನಿಂತು ನೋಡಿದರೆ, ಆ ಚಪ್ಪಟೆ ತಲೆಯ ಮೀನು ಇದ್ದಕ್ಕಿದ್ದಂತೆ ನೀರಿನಿಂದ ಹಾರಿ ದಪ್ ಎಂದು ಬೀಳುವುದು ಬಾಗಿಲು ತೆರೆದಿದೆಯೋ ಇಲ್ಲವೋ ಎಂದು ನೋಡಿಕೊಳ್ಳುವುದಕ್ಕೇ ಮಗೂ.