ನಲವತ್ತೊಂದು ಸಲ

ಇದನ್ನ ಯಾರ ಮುಂದೂ ಆಡಬ್ಯಾಡ ಅಂತ ನಮ್ಮ ದೊಡ್ಡವ್ವ ಆಣಿ ಮಾಡಿಸ್ಕೊಂಡಿದ್ಲು. ಆದ್ರೂ ಹೇಳ್ತೀನಿ. ಮೊದಲು ಮೊದಲು ನಗು ಬರ್ತೈತಿ, ಆವಾಗ್ಲೇ ನಕ್ಕುಬಿಡ್ರಿ.

ಒಬ್ಬಾಕಿ ನೀಲವ್ವ. ಮೆಣಸಿನಕಾಯಿ ಚೀಲ ಇಡೋ ಕೋಲ್ಡ್ ಸ್ಟೋರೇಜಿನ್ಯಾಗ ಮೇಲ್ವಿಚಾರಕಿ. ಆಕಿಗೊಬ್ಬ ಮಗ, ಶಿವಪುತ್ರ. ಹೇಳಿದ್ದಷ್ಟ ಮಾಡಾಂವ, ಹೇಳಿದ್ದೆಲ್ಲಾ ಮಾಡಾಂವ. ಕಂಪ್ಯೂಟರ್ ಕಲ್ತಾನಂತ ಅಲ್ಲೇ ಸರ್ವರ್ ನೋಡ್ಕೊಳ್ಳಾಕ ಇಟ್ಕೊಂಡಿದ್ರು. ಯಾವ ರೂಮು ಎಷ್ಟು ತಣ್ಣಗೈತಿ, ಯಾವ ಬಾಗಿಲು ತೆರೀತು, ಎಲ್ಲಾ ಸುದ್ದಿ ಸರ್ವರಿಗೆ ಬರ್ತಿತ್ತು. ಅದ್ರಾಗ ಯಾವುದು ಬರ್ಕೋಬೇಕು, ಯಾವುದು ಬಿಡಬೇಕು ಅಂತ ಅದಕ್ಕ ಹೇಳಿಡೋದು ಶಿವಪುತ್ರನ ಕೆಲಸ.

ಅವ್ವ ಅಂದ್ಲು, "ಒಂದೂ ಬಿಡದಂಗ ಬರಸಪಾ."

ಒಂದೂ ಬಿಡಲಿಲ್ಲ. ಫ್ಯಾನ್ ತಿರುಗಿದ್ದು, ಲೈಟ್ ಹತ್ತಿದ್ದು, ಬರದದ್ದನ್ನ ಬರದೇನಿ ಅಂತನೂ ಬರಸಿದ. ಮೂರು ದಿನಕ್ಕ ಡಿಸ್ಕ್ ತುಂಬಿ ಸರ್ವರ್ ಮಲಗಿಬಿಡ್ತು.

"ಖೋಡಿ, ಫ್ಯಾನ್ ತಿರುಗಿದ್ದು ಯಾರಿಗೆ ಬೇಕೋ? ದೊಡ್ಡದಿದ್ರಷ್ಟ ಬರಸು."

"ಆತಬೇ."

ದೊಡ್ಡದಷ್ಟ ಬರಸಿದ. ಮೂರನೇ ರೂಮು ಅರ್ಧ ಡಿಗ್ರಿ ಬಿಸಿ ಆತು. ಸಣ್ಣದು, ಬಿಟ್ಟ. ಮತ್ತರ್ಧ ಆತು. ಸಣ್ಣದು, ಬಿಟ್ಟ. ಹಂಗ ಬಿಟ್ಟು ಬಿಟ್ಟು ಇನ್ನೂರು ಚೀಲಕ್ಕ ಬೂಷ್ಟು ಹತ್ತಿತು. ಮಾಲಕ ಬಂದು, "ಇನ್ನೊಂದ್ಸಲ ಹಿಂಗಾದ್ರ ಅವ್ವ ಮಗ ಇಬ್ರೂ ಮನಿಗೆ" ಅಂದುಹೋದ.

ನೀಲವ್ವ ಮಗನ್ನ ಸರ್ವರ್ ಮುಂದಿನ ಕುರ್ಚಿಗೆ ಕುಂದರ್ಸಿ ಹೇಳಿದ್ಲು, "ಫ್ಯಾನು ಲೈಟು ಬಿಟ್ಟು ಸಣ್ಣದನ್ನೂ ಬರಸು. ಆದ್ರ ಅದ ಸುದ್ದಿ ಮತ್ತ ಮತ್ತ ಬಂದ್ರ ಒಂದ್ಸಲ ಬರಸು, ಉಳಿದದ್ದು ಎಣಸು. ಬ್ಯಾರೆ ಸುದ್ದಿ ಬಂದ ಮ್ಯಾಲೆ, ಮೊದಲಿನ್ದು ಎಷ್ಟು ಸಲ ಬಂತು ಅಂತ ಒಂದ ಸಾಲು. ಆ ಸಾಲು ಬರೋತನಕ ಕುರ್ಚಿ ಬಿಟ್ಟು ಏಳಬ್ಯಾಡ. ಬಂದ ಮ್ಯಾಲೆ ನನಗ ತೋರ್ಸು."

"ಆತಬೇ."

ಮರುದಿನ ಸಂಜಿಕ ಹಮಾಲರೆಲ್ಲಾ ಮನಿಗೆ ಹೋಗಿದ್ರು. ನೀಲವ್ವ ಚೀಲ ನೋಡ್ತೀನಂತ ಮಗಗ ಹೇಳಿ ಮೂರನೇ ರೂಮಿನ್ಯಾಗ ಹೋದ್ಲು. ಹಿಂದ ಬಾಗಿಲು ಬಡ್ಕೊಂತು. ಒಳಗಿಂದ ತೆರ್ಯಾಕ ಬರ್ತಿರಲಿಲ್ಲ ಅದು. ಸಿಕ್ಕೊಂಡವ್ರು ಒತ್ತಲಿ ಅಂತ ಒಳಗೊಂದು ಗುಂಡಿ ಇತ್ತು. ಒತ್ತಿದ್ಲು.

"ಮೂರನೇ ರೂಮು, ಒಳಗಿಂದ ಗುಂಡಿ ಒತ್ತ್ಯಾರ" ಅಂತ ಸರ್ವರ್ ಬರೀತು. ಶಿವಪುತ್ರ ಓದಿದ. ಬರದೈತಿ, ಸಾಕು.

ಮತ್ತ ಒತ್ತಿದ್ಲು. ಅದ ಸುದ್ದಿ. ಬರೀಲಿಲ್ಲ, ಎಣಿಸ್ತು. ಮತ್ತ ಒತ್ತಿದ್ಲು. ಎಣಿಸ್ತು. ಮತ್ತ. ಮತ್ತ. ಶಿವಪುತ್ರ ಕುರ್ಚಿ ಬಿಟ್ಟು ಏಳಲಿಲ್ಲ.

ರಾತ್ರಿಯೆಲ್ಲಾ ಕಳದು ಬೆಳಗಾಗೋ ಹೊತ್ತಿಗೆ ಕರೆಂಟ್ ಹೋಗಿ ಬಂತು. ಅದು ಬ್ಯಾರೆ ಸುದ್ದಿ. ಸರ್ವರ್ ಸಾಲು ಹಾಕ್ತು: "ಮೊದಲಿನ ಸುದ್ದಿ ನಲವತ್ತೊಂದು ಸಲ ಬಂತು."

ಒಂದ ಸಾಲು. ಅವ್ವ ಹೇಳಿದಂಗ.

ಎದ್ದ. ಪ್ರಿಂಟ್ ತಗೊಂಡು ಮೂರನೇ ರೂಮಿನ ತನಕ ಓಡಿದ. ಬಾಗಿಲು ಬಡದ.

"ಯವ್ವಾ, ಬಂದು ನೋಡಬೇ. ಈ ಸಲ ನೀ ಬೈಯಾಂಗಿಲ್ಲ."

ಒಂದ್ಸಲ ಬಡದ. ಎರಡ್ಸಲ ಬಡದ. ಎಣಸ್ಕೋತ ಬಡದ. ಬಾಗಿಲು ಮುಚ್ಚೇ ಇತ್ತು. ಒಳಗಿಂದ ಯಾರೂ ಓ ಅನ್ನಲಿಲ್ಲ.