ಹುಳ ತಿಂದ ಕಡೆ ಬರೆಯುವ ಮಾತು

ಈ ಕಥೆಯ ಗುರುಗಳು ನನ್ನ ತೊಡೆಯ ಮೇಲೆ ತಲೆಯಿಟ್ಟು, ಕೊನೆಯುಸಿರಿನಲ್ಲಿ ಇದನ್ನು ನನಗೊಬ್ಬನಿಗೇ ಹೇಳಿದರು. ಸುಳ್ಳು. ಅವರಿದ್ದ ಹೊಳೆ ಯಾವ ದಿಕ್ಕಿಗಿದೆ ಅನ್ನೋದೂ ನನಗೆ ಗೊತ್ತಿಲ್ಲ. ಕಥೆ ಮಾತ್ರ ಕೇಳಿ.

ಹೊಳೆಯಂಚಿಗೆ ಒಂದು ಆಶ್ರಮ. ಅಲ್ಲಿನ ಅಡವಯ್ಯ ಗುರುಗಳಿಗೆ ದಮ್ಮು. ಒಂದು ಮಾತಿಗೆ ಮೂರು ಉಸಿರು. ಅದಕ್ಕೆ ಮದ್ದು ಇದ್ದದ್ದು ಒಂದೇ ಒಂದು ಹಳೆಯ ಓಲೆಗರಿ ಕಟ್ಟಿನಲ್ಲಿ.

ಗರಿ ಪುಡಿಯಾಗುವ ಮೊದಲು ಅದನ್ನು ಕಾಗದಕ್ಕೆ ಇಳಿಸುವ ಕೆಲಸ ಶಿಷ್ಯ ಕೊಟ್ರಯ್ಯನದು. ಆಸಾಮಿ ಚುರುಕು. ಎಷ್ಟು ಚುರುಕು ಅಂದರೆ, ಎದುರಿನವರು ಸೀನುವ ಮೊದಲೇ ‘ಚಿರಂಜೀವಿ’ ಅಂದುಬಿಡುವಷ್ಟು.

“ಇಲ್ಲಿ ಹುಳ ತಿಂದಿದೆ, ಗುರುಗಳೇ.”

“ಹೋದ ಅಕ್ಷರಕ್ಕೊಂದರಂತೆ ಚುಕ್ಕಿ ಇಡು. ಪಕ್ಕದಲ್ಲಿ ‘ತ್ರುಟಿತ’ ಅಂತ ಬರೆ.”

“ಹಾಗಂದರೆ?”

“ಕಡಿದುಹೋಗಿದೆ ಅಂತ. ಇಲ್ಲಿ ಏನೋ ಇತ್ತು, ಏನೆಂದು ನಾನರಿಯೆ ಅಂತ.”

“ಊಹೆಗೆ ಸಿಕ್ಕಿದರೆ?”

“ಆಗಲೂ ‘ತ್ರುಟಿತ’ ಅಂತಲೇ ಬರೆ.”

“ಖಾತ್ರಿಯಾಗಿ ಗೊತ್ತಿದ್ದರೆ?”

“ಆಗ ದಪ್ಪಗೆ ಬರೆ.”

ಒಂದು ನಡುಮಧ್ಯಾಹ್ನ ಕೊಟ್ರಯ್ಯ ದಮ್ಮಿನ ಮದ್ದಿನ ಪದ್ಯಕ್ಕೆ ಬಂದ. ಹೆಚ್ಚಾದರೆ ಕೊಲ್ಲುವ ಉಮ್ಮತ್ತಿ ಬೀಜ ಎಷ್ಟು ಹಾಕಬೇಕು ಅನ್ನುವಲ್ಲೇ ತೂತು. ಲೆಕ್ಕ ಹಾಕಿದ, ಆರು ಅಕ್ಷರ ಹೋಗಿದ್ದವು. ಆರು ಚುಕ್ಕಿ ಇಟ್ಟ.

ಕಿವಿಯ ಹಿಂದೆ ಯಾರೋ ಹೇಳಿದರು: “ಬೀಜ ಹನ್ನೆರಡು.”

ತಿರುಗಿ ನೋಡಿದ. ಕೊಟ್ರಯ್ಯ ಕೂತದ್ದೇ ಗೋಡೆಗೆ ಒರಗಿ. ಬೆನ್ನಿಗೂ ಗೋಡೆಗೂ ನಡುವೆ ಒಂದು ಹಲ್ಲಿ ನುಸುಳುವಷ್ಟೂ ಜಾಗವಿರಲಿಲ್ಲ.

ಆ ಮಾತಿನ ಅಕ್ಷರಗಳನ್ನು ಬೆರಳು ಮಡಿಸಿ ಎಣಿಸಿದ. ಸರಿಯಾಗಿ ಆರು. ಛಂದಸ್ಸು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಚುಕ್ಕಿಗಳ ಮೇಲೆಯೇ ಬರೆದುಬಿಟ್ಟ.

“ಗುರುಗಳೇ, ಗ್ರಂಥ ಬರೆದ ಕವಿಯೇ ಬಂದು ತುಂಬಿಸಿಕೊಟ್ಟರು!”

“ಕಂಡೆಯಾ?”

“ಇಲ್ಲ. ದನಿ ಕೇಳಿದೆ.”

“ಹೇಗಿತ್ತು ದನಿ?”

ಕೊಟ್ರಯ್ಯ ನೆನಪು ಮಾಡಿಕೊಂಡ. “ಬಾಯಲ್ಲಿ ತುತ್ತು ಇಟ್ಟುಕೊಂಡು ಮಾತಾಡಿದ ಹಾಗೆ.”

ಗುರುಗಳು ಒರಳ ಮುಂದೆ ಕೂತರು. ಹನ್ನೆರಡು ಬೀಜ ಎಣಿಸಿ ಅರೆದರು. ಬಟ್ಟಲಲ್ಲಿ ಕಲಸಿದರು. ಎತ್ತಿದರು.

“ಕುಡಿಯಲಿ ಬಿಡು,” ಅಂದಿತು ಕಿವಿಯ ಹಿಂದಿನ ದನಿ. ಈ ಸಲ ಬಲು ಹತ್ತಿರದಿಂದ.

ಕೊಟ್ರಯ್ಯ ಗುರುಗಳ ಮಣಿಕಟ್ಟು ಹಿಡಿದ.

“ಬಿಡೋ ತಮ್ಮಾ. ಕವಿಯೇ ಹೇಳಿದ್ದಲ್ಲವಾ?”

“ಬೇಡಿ ಗುರುಗಳೇ.”

“ಇದು ಬಿಟ್ಟರೆ ನನಗೆ ಬೇರೆ ಮದ್ದಿಲ್ಲ. ಈ ಚಳಿಗಾಲ ನಾನು ದಾಟಲಿಕ್ಕಿಲ್ಲ.”

“ಗೊತ್ತು.”

“ಮತ್ತೆ?”

“ಅಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ.” ಅವನು ಹಿಡಿದ ಮಣಿಕಟ್ಟು ಬಿಡಲಿಲ್ಲ. “ಎರಡಿತ್ತೋ, ಇಪ್ಪತ್ತಿತ್ತೋ. ಗೊತ್ತಿಲ್ಲ, ಗುರುಗಳೇ.”

“ಹಾಗಿದ್ದರೆ ಹಾಗೆಂದು ಬರೆ.”

ಕೊಟ್ರಯ್ಯ ಆರೂ ಅಕ್ಷರ ಹೊಡೆದುಹಾಕಿದ. ಪಕ್ಕದಲ್ಲಿ ‘ತ್ರುಟಿತ’ ಅಂತ ಬರೆದ. ದಪ್ಪಗೆ ಬರೆದ. ಬರೆಯುವಷ್ಟು ಹೊತ್ತೂ ಬೆನ್ನ ಹಿಂದಿನ ಗೋಡೆ ಬೆಚ್ಚಗಿತ್ತು. ಯಾರೋ ಅಲ್ಲಿಂದ ಈಗತಾನೇ ಎದ್ದುಹೋದ ಹಾಗೆ.

ಗುರುಗಳು ಬಟ್ಟಲನ್ನು ಬೂದಿಗುಂಡಿಗೆ ಸುರಿದು ಬಂದರು. ಮೂರು ಉಸಿರು ಎಳೆದುಕೊಂಡು ಕೂತರು.

“ಗುರುಗಳೇ, ಮಾತಾಡಿದ್ದು ಯಾರು?”

“ಗರಿ ತಿಂದ ಹುಳವೇ. ಅದರ ಹೊಟ್ಟೆ ಇನ್ನೂ ತುಂಬಿಲ್ಲ. ಮುಂದಿನ ಗರಿ ತೆಗಿ.”